ಕಿಟಕಿಯ ಸರಳು ಕಾಣುವ ಮುತ್ತು

ಶಾನ್‌ಶಿಯಾಹು, ಝೂಜಿ
ಜನವರಿ ಹನ್ನೊಂದು, ಬೆಳಿಗ್ಗೆ

ಲಿಯಾಂಗ್ ಅಣ್ಣನಿಗೆ,

ಹಾಂಗ್‌ಕಾಂಗ್‌ನಲ್ಲಿ ನಿನ್ನ ಬೆನ್ನುನೋವು ಹೇಗಿದೆ? ಆರೋಗ್ಯ ವಿಚಾರಿಸದೆ ಕಾಗದ ಶುರುಮಾಡಬಾರದೆಂದು ಅಮ್ಮ ಕಲಿಸಿದ್ದಾಳೆ, ಅದಕ್ಕಾಗಿ ಕೇಳಿದೆ. ಇಲ್ಲಿ ನಮ್ಮ ಮುತ್ತಿನ ಕೆರೆಯ ಅಂಚು ಹೆಪ್ಪುಗಟ್ಟಿದೆ. ಅಮ್ಮ ಗಟ್ಟಿಯಾಗಿದ್ದಾಳೆ, ಕಣ್ಣು ಮಾತ್ರ ಮಂಜು. ಫೋನಿನಲ್ಲಿ ನೀನು ನಗುತ್ತೀಯ, ನನ್ನ ಮಾತು ಕಟ್ಟಿಹೋಗುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ಅಮ್ಮನ ನೀಲಿ ಬಟ್ಟಲು ಖಾಲಿಯಾಗಿ ಕಿಟಕಿಯಲ್ಲಿ ಕೂತಿದೆ. ಅದರಲ್ಲಿ ಏನಿತ್ತೆಂದು ನಿನಗೆ ಹೇಳಬೇಕಾಗಿ ಬಂದದ್ದೇ ನನಗೆ ಅವಮಾನ. ನಮ್ಮ ಕೆರೆಯ ಮುತ್ತುಗಳಿಗೆ ಹಾಲಿನ ಹೊಳಪು. ಚೆನ್ನಾಗಿಯೇ ಇರುತ್ತವೆ, ರಾಶಿ ರಾಶಿ ಸಿಗುತ್ತವೆ. ಆದರೆ ಎಲ್ಲೋ ಒಂದು ಚಿಪ್ಪಿನಲ್ಲಿ, ನೇರಳೆಯದೋ ತಾಮ್ರದ ಬಣ್ಣದ್ದೋ, ಲೋಹ ಕರಗಿಸಿ ಹುಯ್ದಂಥ ಒಂದು ಮುತ್ತು ಇರುತ್ತದೆ. ಚಳಿಗಾಲದಲ್ಲಿ ಅಂಥದ್ದು ಕೈಗೆ ಸಿಕ್ಕಿದರೆ ಅಮ್ಮ ಕೆಸರುಗೈಯಲ್ಲೇ ಉತ್ತರದ ಕಿಟಕಿಗೆ ಓಡುತ್ತಿದ್ದಳು. “ಸರಳು ಕಾಣ್ತಾವಾ, ನೋಡ್ರೋ.” ಮುತ್ತಿನೊಳಗೆ ಕಿಟಕಿಯ ಸರಳುಗಳು ಗೆರೆ ಎಳೆದಂತೆ ಕಂಡರೆ ಬಟ್ಟಲಿಗೆ. ಒಂಚೂರು ಕಲಸಿಕೊಂಡರೂ ರಾಶಿಗೆ. ಕೆಲವು ವರ್ಷ ಒಂದೂ ಸಿಗುತ್ತಿರಲಿಲ್ಲ. ಸಿಕ್ಕಿದರೂ ಅದರ ಬಣ್ಣಕ್ಕೆ, ಗಾತ್ರಕ್ಕೆ ಜೊತೆ ಸಿಗಬೇಕು. ಒಂದೇ ಒಂದು ಸರಕ್ಕೆ ಅವಳ ಅರ್ಧ ಆಯುಷ್ಯ ಹಿಡಿಯಿತು. “ಬದುಕೆಲ್ಲಾ ಕಪ್ಪೆಚಿಪ್ಪು ಸೀಳಿದ್ದೀನಿ. ಎಪ್ಪತ್ತು ತುಂಬಿದ ದಿನ ಸರ ಹಾಕ್ಕೊಂಡು, ಸಾವ್ಕಾರ್ತಿ ಥರ ಕೂತು ಹುಟ್ಟುಹಬ್ಬದ ನೂಡಲ್ಸ್ ತಿಂತೀನಿ, ಯಾರು ಬೇಡ ಅಂತಾರೋ ನೋಡೋಣ” ಎನ್ನುತ್ತಿದ್ದಳು. ಈ ವಸಂತಕ್ಕೆ ಅವಳಿಗೆ ಎಪ್ಪತ್ತು.

ರಂಧ್ರ ಕೊರೆಸಿ ಪೋಣಿಸಿ ತರುತ್ತೇನೆಂದು ಬಟ್ಟಲು ಬರಿದು ಮಾಡಿಕೊಂಡು ಹೋದವನು ನೀನು. ಹಾಂಗ್‌ಕಾಂಗ್‌ನ ಆ ಮುತ್ತಿನ ಮೇಳದಿಂದ ಫೋನು ಮಾಡಿ ಹೇಳಿದೆಯಲ್ಲ: “ಒಂದೊಂದು ರಾಶಿ ಮೇಲೂ ಒಂದೊಂದು ಇಟ್ಟೆ ಕಣೇ. ಜನ ಅದನ್ನ ನೋಡ್ತಾರೆ, ರಾಶಿ ತಗೋತಾರೆ. ಮಂಕು ಮಾಲೆಲ್ಲಾ ಖಾಲಿ.” ಸಂತೆಯಲ್ಲಿ ಹುಳುಕು ಬದನೆಕಾಯಿಯ ಬುಟ್ಟಿಗೆ ಮೇಲೆ ನಾಲ್ಕು ಒಳ್ಳೆಯವು ಇಡುವವರನ್ನು ಕಂಡರೆ ಅಮ್ಮ ದಾರಿ ಬದಲಿಸುತ್ತಿದ್ದಳು. ಅವಳ ಸರವನ್ನೇ ನೀನು ಆ ಮೇಲಿನ ಬದನೆಕಾಯಿ ಮಾಡಿದೆ. ಒಂದೊಂದು ಮುತ್ತು ಒಂದೊಂದು ದೇಶಕ್ಕೆ ಹೋಯಿತು. ಇನ್ನು ನೀನು ದುಡ್ಡು ಸುರಿದರೂ ಅವು ಒಂದು ದಾರಕ್ಕೆ ಬರುವುದಿಲ್ಲ.

ನನ್ನ ಸಿಟ್ಟನ್ನೂ ತಿರುಗಿಸಿ ನೋಡಿಕೊಂಡೆ. ಇದು ಮುತ್ತಿಗಾಗಿಯೋ, ನೀನು ಏನು ಮಾಡಿದರೂ ಅಮ್ಮ “ಹೋಗ್ಲಿ ಬಿಡು, ಅವನಿಗೂ ವ್ಯಾಪಾರ ಆಗ್ಬೇಕಲ್ಲ” ಎನ್ನುತ್ತಾಳಲ್ಲ, ಅದಕ್ಕೋ? ಎರಡೂ ಇರಬಹುದು. ಎರಡನೆಯದು ಇದೆಯೆಂದು ಮೊದಲನೆಯದು ಸಣ್ಣದಾಗುವುದಿಲ್ಲ. ವಿದೇಶದ ಗಿರಾಕಿಗಳಿಗೆ ನಿನ್ನ ಮಾತನ್ನು ಇಂಗ್ಲಿಷಿನಲ್ಲಿ ಹೇಳುವ ಕೆಲಸಕ್ಕೆ ಇನ್ನು ಬೇರೆ ಯಾರನ್ನಾದರೂ ಹುಡುಕಿಕೋ.

ಅತ್ತಿಗೆಗೆ ನನ್ನ ನೆನಪು ಹೇಳು. ಅಮ್ಮ ನಿನಗೆ ಆಶೀರ್ವಾದ ಕಳಿಸಿದ್ದಾಳೆ. ನಾನು ತಡೆದಿಲ್ಲ, ಇಗೋ ತಗೋ.

ನಿನ್ನ ತಂಗಿ,
ಯುನ್‌ಚಿಂಗ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಕೆರೆಯಿಂದ ಬಂದಳು. ಹೊಸ ಸರ ಶುರುಮಾಡಿದ್ದಾಳಂತೆ. ಒದ್ದೆ ಅಂಗೈಯಲ್ಲಿ ಒಂದು ಮುತ್ತು ಹಿಡಿದು, “ನಂಗೆ ಈಗ ಸರಿಯಾಗಿ ಕಾಣಲ್ಲ, ನೀನೇ ನೋಡಿ ಹೇಳು, ಸರಳು ಕಾಣ್ತಾವಾ?” ಎಂದಳು. ಬರೀ ಹಾಲು, ಅಣ್ಣ. ಒಂದು ಸರಳೂ ಇರಲಿಲ್ಲ. ಕಾಣುತ್ತವೆ ಅಂದುಬಿಟ್ಟೆ. ಅವಳು ನಕ್ಕು ಅದನ್ನು ಬಟ್ಟಲಿಗೆ ಹಾಕಿದಳು. ಆ ಬಟ್ಟಲಿಗೆ ಇವತ್ತಿನವರೆಗೆ ಸುಳ್ಳು ಬಿದ್ದಿರಲಿಲ್ಲ. ನಾಳೆ ಮತ್ತೆ ಕೇಳುತ್ತಾಳೆ. ಮೇಳ ಬಿಟ್ಟು ಬಾ. ಕಿಟಕಿಯ ಹತ್ತಿರ ಕೂತು, ಅವಳಿಗೆ ನೀನು ಉತ್ತರ ಹೇಳು.