ಸೀನಿದ್ದೂ ಕೇಳಿಸಿತು

ಶಿಕ್ಷಕರ ಕೊಠಡಿ
ಸೋಮವಾರ ಸಂಜೆ

ನನ್ನ ಮುದ್ದಿನ, ಮೊಂಡು ತಂಗಿಗೆ,

ಫೋನ್ ಎತ್ತುವುದಿಲ್ಲವೆಂದು ಹಠ ಹಿಡಿದಿದ್ದೀಯ. ಸರಿ, ಕಾಗದವನ್ನು ಹೇಗೆ ಕಟ್ ಮಾಡುತ್ತೀಯೋ ನೋಡುತ್ತೇನೆ. ಅರ್ಧಕ್ಕೆ ಹರಿದು ಬಿಸಾಡಬೇಡ, ಪೂರ್ತಿ ಓದು.

ನನ್ನ ಮೂರನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಓದಲು ಬರುತ್ತದೆ, ಕಿವಿಗೆ ಬಿದ್ದರೆ ತಿಳಿಯುವುದಿಲ್ಲ. ಅದಕ್ಕೇ ಹೆಡ್ ಮೇಡಂ ಪಾಡ್‌ಕಾಸ್ಟ್ ಕೇಳಿಸಲು ಹೇಳಿದರು. ಕೊಡೆ ಕಳೆದುಕೊಂಡ ಬಾತುಕೋಳಿಯ ಕಥೆ ಹಾಕಿದೆ. ಮೇಜಿನ ಮೇಲೆ ಅಂಗೈಯಗಲದ ಸ್ಪೀಕರ್, ತಲೆಯ ಮೇಲೆ ಗೊರಗುಟ್ಟುವ ಫ್ಯಾನು, ಪಕ್ಕದ ಕೋಣೆಯಲ್ಲಿ ಮಗ್ಗಿ. ಒಬ್ಬ ಎದ್ದು, "ಮಿಸ್, ಇವ್ರು ಯಾಕೆ ಇಷ್ಟು ಅವಸರದಲ್ಲಿ ಮಾತಾಡ್ತಾರೆ? ಬಸ್ ಹೋಗ್ಬಿಡುತ್ತಾ?" ಅಂದ. ನನ್ನ ತಲೆ ಚಿಟ್ಟು ಹಿಡಿಯಿತು. ನಿನ್ನ ಮಗಳು ಮಾತ್ರ ಸುತ್ತಲಿನ ಮುಖಗಳನ್ನು ನೋಡಿ, ಎಲ್ಲರೂ ನಕ್ಕ ಮೇಲೆ ನಕ್ಕಳು. ಉತ್ತರ ಬರೆಯಿರಿ ಅಂದರೆ ಖಾಲಿ ಹಾಳೆ ಕೊಟ್ಟಳು.

ಮರುದಿನ ಇಬ್ಬಿಬ್ಬರಿಗೆ ಒಂದೊಂದು ಇಯರ್‌ಫೋನ್ ಹಂಚಿದೆ. ಇವಳು ಸದ್ದು ಏರಿಸುತ್ತಲೇ ಹೋದಳು. ಜೊತೆಗಿದ್ದ ಹುಡುಗಿ, "ಮಿಸ್, ನನ್ನ ಕಿವಿ ತೂತಾಗುತ್ತೆ" ಅಂತ ಅಳುತ್ತಾ ಬಂದಳು. ಆಮೇಲೆ ಇವಳೊಬ್ಬಳನ್ನೇ ಕೂರಿಸಿ, ಸದ್ದು ಪೂರ್ತಿ ಏರಿಸಿ ಕೇಳಿಸಿದೆ. ಬಾತುಕೋಳಿ ಎಲ್ಲೆಲ್ಲಿ ಹುಡುಕಿತು, ಯಾರನ್ನು ಬೈಯಿತು, ಎಲ್ಲ ಒಪ್ಪಿಸಿದಳು. "ಕಥೆ ಹೇಳೋರು ಮಧ್ಯದಲ್ಲಿ ಸೀನಿದ್ರು, ದೊಡ್ಡಮ್ಮ" ಅಂದಳು. ಮತ್ತೆ ಹಾಕಿ ಕೇಳಿದೆ. ಹೌದು, ಸಣ್ಣಗೆ ಸೀನಿದ್ದರು, ನನ್ನ ಕಿವಿಗೇ ಬಿದ್ದಿರಲಿಲ್ಲ. ಇಯರ್‌ಫೋನ್ ತೆಗೆಸಿ ಬೆನ್ನ ಹಿಂದೆ ನಿಂತು ಕರೆದೆ. ತಿರುಗಲಿಲ್ಲ. ಮತ್ತೆ ಕರೆದೆ. ಪೆನ್ಸಿಲ್ ಚೂಪು ಮಾಡುತ್ತಲೇ ಇದ್ದಳು.

ಇದನ್ನು ಹೇಳಿದ್ದಕ್ಕೆ ನೀನು, "ಅವಳಿಗೆ ಗಮನ ಇಲ್ಲ, ಅಷ್ಟೇ. ನನ್ನ ಮಗಳಿಗೆ ಇಲ್ಲದ ಹೆಸರು ಇಡ್ಬೇಡ" ಅಂದು ಫೋನ್ ಇಟ್ಟೆ. ಗಮನ ಇಲ್ಲದವಳಿಗೆ ಆ ಸೀನು ಕೇಳಿಸುತ್ತದೇನೇ? ದಡ್ಡಿ ಅನ್ನಿಸಿಕೊಂಡರೆ ಪರವಾಗಿಲ್ಲ, ಕಿವಿಗೊಂದು ಯಂತ್ರ ಬಂದರೆ ಮರ್ಯಾದೆ ಹೋಗುತ್ತದೆಯೆ? ನಿನ್ನ ಮೂಗಿನ ಮೇಲೆ ಕನ್ನಡಕ ಕೂತಿಲ್ಲವೆ?

ಶುಕ್ರವಾರ ಬೆಳಿಗ್ಗೆಗೆ ಕಿವಿ ಡಾಕ್ಟರ ಬಳಿ ಹೇಳಿಟ್ಟಿದ್ದೇನೆ. ರಜೆಯನ್ನೂ ಹಾಕಿದ್ದೇನೆ. ತಾಯಿ ಒಪ್ಪದೆ ಪರೀಕ್ಷೆ ಮಾಡುವುದಿಲ್ಲವಂತೆ. ದಾರಿಯುದ್ದಕ್ಕೂ ನನ್ನನ್ನು ಬೈಯುತ್ತಾ ಬಾ, ಆದರೆ ಬಾ.

ಸಿಟ್ಟು ಇಳಿಯದ, ಪ್ರೀತಿಯೂ ಇಳಿಯದ,
ನಿನ್ನ ಅಕ್ಕ

ತಾ.ಕ.: ಶನಿವಾರ ಶಾಲೆಯ ಗೇಟಿನ ಬಳಿ ನಿಮ್ಮಿಬ್ಬರನ್ನು ನೋಡಿದೆ. ಅವಳು ಆಚೆ ತಿರುಗಿ ನಿಂತಿದ್ದಳು. ನೀನು ಹೆಸರು ಹಿಡಿದು ಕೂಗಲಿಲ್ಲ. ಹತ್ತಿರ ಹೋಗಿ, ಹೆಗಲು ಮುಟ್ಟಿ, ಅವಳು ನಿನ್ನ ಮುಖ ನೋಡಿದ ಮೇಲೆ ಮಾತಾಡಿದೆ. ಯಾವಾಗಿನಿಂದ ಹೀಗೆ, ಪುಟ್ಟೀ?