ಹನ್ನೊಂದು ಸಲ ಬಂದ ಫೋನು

ಕೆಸರೆ, ಮೈಸೂರು
೧೮ ಜುಲೈ ೨೦೨೫, ಶುಕ್ರವಾರ

ಅಮಲರಾಜ್ ಅವರಿಗೆ,

ನಿಮ್ಮ ಹೆಸರಿನ ಹಿಂದೆ 'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ. ಗೀಟಿನ ಕೆಳಗೆ ಅಕ್ಷರ ಕಂಡರೆ ಕಾಣಲಿ, ಹೊಸ ಹಾಳೆ ತೆಗೆದುಕೊಳ್ಳುವಷ್ಟು ತಾಳ್ಮೆ ನನಗಿಲ್ಲ. ಅಕ್ಷರ ಸೊಟ್ಟಪಟ್ಟ ಆಗಿದೆ. ಯಾಕೆಂದು ಮುಂದೆ ಹೇಳುತ್ತೇನೆ, ಅಲ್ಲಿಯವರೆಗೆ ಕಷ್ಟಪಟ್ಟು ಓದಿ.

ಕೆಸರೆಯಿಂದ ಸಿದ್ಧಾರ್ಥನಗರಕ್ಕೆ ಆಟೋದಲ್ಲಿ ಹತ್ತು ಹದಿನೈದು ನಿಮಿಷ. ಅಷ್ಟು ಹತ್ತಿರ ಇರುವ ಗಂಡನಿಗೆ ಕಾಗದ ಬರೆಯುವ ಹೆಂಗಸು ಈ ಮೈಸೂರಿನಲ್ಲಿ ನಾನೊಬ್ಬಳೇ ಇರಬೇಕು. ಭಾನುವಾರ ಚರ್ಚಿಗೆ ಪೂಜೆಗೆ ಬಂದಾಗ ಮಾತಾಡೋಣವೆಂದರೆ ನೀವು ಕಡೇ ಬೆಂಚಿನಲ್ಲಿ ಕೂತು, ಕೊನೆಯ ಹಾಡು ಶುರುವಾಗುವ ಮೊದಲೇ ಸ್ಕೂಟರ್ ಹತ್ತಿರುತ್ತೀರಿ. ಫೋನಿನಲ್ಲಿ ಹೇಳೋಣವೆಂದರೆ, ಆ ಫೋನಿನ ವಿಷಯಕ್ಕೇ ಬರುತ್ತಿದ್ದೇನೆ.

ಈಸ್ಟರ್ ಮರುದಿನ ನೀವು ಬಟ್ಟೆ ಬ್ಯಾಗು ಹಿಡಿದು ನಿಮ್ಮ ಅಕ್ಕ ಸಹಾಯಮೇರಿಯವರ ಮನೆಗೆ ಹೋದಿರಿ. ಮೂರು ತಿಂಗಳಾಗಲು ಇನ್ನು ಮೂರು ದಿನ ಬಾಕಿ. ಅಷ್ಟರಲ್ಲಿ ಹನ್ನೊಂದು ಸಲ ಫೋನ್ ಮಾಡಿದ್ದೀರಿ. ಹನ್ನೊಂದು ಸಲವೂ ಆ ಬಿಟ್‌ಕಾಯಿನ್ ಮಿಷಿನ್ನು ನಿಂತಾಗಲೇ. ಇಲ್ಲಿ ಕರೆಂಟ್ ಹೋಗಿ ಹತ್ತು ನಿಮಿಷಕ್ಕೆ ಅಲ್ಲಿ ನಿಮ್ಮ ಮೊಬೈಲಿನಲ್ಲಿ ಹಸಿರು ಹೋಗಿ ಕೆಂಪು ಬರುತ್ತದೆ, ತಕ್ಷಣ ನಿಮಗೆ ಕೆಸರೆಯಲ್ಲೊಂದು ಮನೆ ಇರುವುದು ನೆನಪಾಗುತ್ತದೆ. "ಏನಾಯ್ತು? ಆನ್ ಮಾಡು. ಫೋನನ್ನ ಫ್ಯಾನ್ ಹತ್ರ ಹಿಡಿ" ಅನ್ನುತ್ತೀರಿ. ಮಿಷಿನ್ನು ಎದ್ದು ಕೆಲಸಕ್ಕೆ ಕೂರುವವರೆಗೆ ಐದಾರು ನಿಮಿಷ ಲೈನಿನಲ್ಲಿ ಇರುತ್ತೀರಿ. ಜೂನ್ ತಿಂಗಳಲ್ಲಿ ಒಂದು ವಾರ ನನ್ನ ಗಂಟಲು ಕಟ್ಟಿ ದನಿಯೇ ಹೊರಡುತ್ತಿರಲಿಲ್ಲ. ಆಗ ಫೋನ್ ಮಾಡಿದ್ದ ನೀವು, "ಎಡಗಡೆ ಫ್ಯಾನ್ ಬೇರಿಂಗ್ ಹೋಗ್ತಾ ಐತೆ, ಕೇಳಿಸ್ತಾ?" ಎಂದಿರಿ. ಮೋಟಾರ್ ವೈಂಡಿಂಗ್ ಮಾಡುವವರ ಕಿವಿ ನಿಜಕ್ಕೂ ಬಲು ಸೂಕ್ಷ್ಮ.

ಇನ್ನೊಂದು ಸಲ, ಯಾವ ಪುಣ್ಯವೋ, "ಸಾರಿಗೆ ಏನ್ ಮಾಡಿದ್ದೀಯಾ?" ಎಂದು ಕೇಳಿದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಮಿಷಿನ್ನು ಶುರುವಾಯಿತು. "ಹಾ, ಬಂತು ಬಂತು" ಎಂದು ಇಟ್ಟುಬಿಟ್ಟಿರಿ. ಮೇ ಹನ್ನೆರಡು ನಮ್ಮ ಮದುವೆಯಾದ ದಿನ. ಆ ದಿನ ಮಿಷಿನ್ನು ಬೆಳಗಿನಿಂದ ಚೆನ್ನಾಗಿ ಓಡಿತು, ಹಾಗಾಗಿ ಫೋನ್ ಬರಲಿಲ್ಲ.

ಈಗ ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ನನಗೆ ಗೊತ್ತಿಲ್ಲವೆಂದು ನೀವು ತಿಳಿದುಕೊಂಡಿದ್ದೀರಿ, ಅದಕ್ಕೆ. ಹೋದ ನವೆಂಬರಿನಲ್ಲಿ ಅಂಗಡಿಯಲ್ಲಿ ನಿಮ್ಮ ಜೊತೆ ಕೆಲಸ ಮಾಡುವ ಆ ಸುನಿಲನ ಮಾತು ಕಟ್ಟಿಕೊಂಡು ಆ ಹಳೆ ಮಿಷಿನ್ನು ತಂದಾಗ, "ನಿಂಗೆ ಅರ್ಥ ಆಗಲ್ಲ ಬುಡು" ಎಂದಿರಿ. ನನಗೆ ಎರಡು ದಿನದಲ್ಲಿ ಅರ್ಥವಾಯಿತು. ಆ ಮಿಷಿನ್ನು ಹಗಲೂ ರಾತ್ರಿ ಒಂದು ದೊಡ್ಡ ಸಂಖ್ಯೆಯನ್ನು ಊಹೆ ಮಾಡುತ್ತಾ ಕೂರುತ್ತದೆ. ಜಗತ್ತಿನಲ್ಲಿ ಯಾರ ಮಿಷಿನ್ನಿಗೆ ಸರಿಯಾದದ್ದು ಸಿಗುತ್ತದೋ ಅವರಿಗೆ ನಾಣ್ಯ. ನಮ್ಮಂಥ ಒಂದು ಮಿಷಿನ್ನು ಒಂಟಿಯಾಗಿ ಕೂತರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಸಿಗುವುದಿಲ್ಲ. ಅದಕ್ಕೇ ಸಾವಿರಾರು ಜನ ಸೇರಿ ಒಂದು ಪೂಲ್ ಮಾಡಿಕೊಳ್ಳುತ್ತಾರೆ, ಯಾರಿಗೆ ಸಿಕ್ಕಿದರೂ ದುಡಿದಷ್ಟು ಪಾಲು ಎಲ್ಲರಿಗೂ. ನಾವು ಆರು ಜನ ಟೈಲರ್‌ಗಳು ಸೇರಿ ಕಾನ್ವೆಂಟ್ ಯೂನಿಫಾರಂ ಹೊಲಿಯುವುದೂ ಹೀಗೇ ಅಲ್ಲವೇ, ಎಷ್ಟು ಪೀಸೋ ಅಷ್ಟು ಕೂಲಿ. ಇದರಲ್ಲಿ ಅರ್ಥವಾಗದೇ ಇರುವುದು ಏನಿತ್ತು?

ಆ ಭಾನುವಾರ ಮಧ್ಯಾಹ್ನ ನೆನಪಿದೆಯೇ? ಊಟ ಮುಗಿಸಿ, ನನ್ನ ಕಟಿಂಗ್ ಟೇಬಲ್ ಮೇಲೆ ಅಳತೆ ಪುಸ್ತಕ ಹರಡಿಕೊಂಡು ಇಬ್ಬರೂ ಪೂಲ್ ಆರಿಸಲು ಕೂತೆವು. ಮೂರು ಹೆಸರು ಬರೆದುಕೊಂಡೆವು. ಒಂದರಲ್ಲಿ ಕಮಿಷನ್ ಕಡಿಮೆ, ಆದರೆ ಪಾಲು ಒಂದು ಮಟ್ಟ ಮುಟ್ಟುವವರೆಗೆ ಕೈಗೆ ಕೊಡುವುದಿಲ್ಲ. ಇನ್ನೊಂದರ ಕಂಪ್ಯೂಟರ್ ಎಲ್ಲೋ ದೂರದ ದೇಶದಲ್ಲಿ, ನಮ್ಮ ಲೆಕ್ಕ ಅಲ್ಲಿಗೆ ಮುಟ್ಟುವಷ್ಟರಲ್ಲಿ ಹಳಸಿರುತ್ತದೆ. ಮೂರನೆಯದು ಕಮಿಷನ್ ಒಂದಿಷ್ಟು ಜಾಸ್ತಿ ಮುರಿದರೂ, ಅವರಿಗೆ ಸಿಗಲಿ ಬಿಡಲಿ, ನಮ್ಮ ಮಿಷಿನ್ನು ದುಡಿದಷ್ಟನ್ನು ದಿನಾ ಕೊಡುತ್ತದೆ. "ಕಡಿಮೆ ಆದ್ರೂ ದಿನಾ ಬರ್ಲಿ" ಎಂದೆ. ನೀವು ಒಪ್ಪಿದಿರಿ. ಪೂಲಿಗೆ ಸೇರುವಾಗ ಮಿಷಿನ್ನಿಗೊಂದು ಹೆಸರು ಕೇಳಿತು. ನೀವು ನನ್ನನ್ನು ನೋಡಿ ನಕ್ಕು, 'ಜಾನ್ಸಿ' ಎಂದು ಟೈಪ್ ಮಾಡಿದಿರಿ. ಅವತ್ತು ನನಗೆ ಎಷ್ಟು ಖುಷಿಯಾಯಿತೆಂದು ಹೇಳಿರಲಿಲ್ಲ. ಈಗ ಹೇಳಿ ಏನು ಪ್ರಯೋಜನ.

ಈಸ್ಟರ್ ಮಧ್ಯಾಹ್ನ ನೀವು ಮಲಗಿದ್ದಾಗ, ಮಿಷಿನ್ನು ಎಷ್ಟು ಬಿಸಿಯಾಗಿದೆ ನೋಡೋಣವೆಂದು ನಿಮ್ಮ ಮೊಬೈಲಿನಲ್ಲಿ ಅದರ ಪುಟ ತೆರೆದೆ. ಪೂಲಿನ ವಿಳಾಸ ಬೇರೆ ಇತ್ತು. ಜಾನ್ಸಿ ಇರಲಿಲ್ಲ. ಆ ಜಾಗದಲ್ಲಿ 'ಲಕ್ಕಿ' ಎಂದಿತ್ತು.

ಜನವರಿಯಿಂದ! ಜನವರಿಯಿಂದ ಅದನ್ನು ಒಂಟಿ ಆಟಕ್ಕೆ ಬಿಟ್ಟಿದ್ದಿರಿ. ಸಿಕ್ಕರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ. ಕೇಳಿದರೆ ಹಾಸಿಗೆಯ ಮೇಲೆ ಎದ್ದು ಕೂತು, "ಪೂಲಲ್ಲಿ ಬರೋದು ಚಿಲ್ರೆ ಕಣೇ. ಒಂದ್ಸಲ ಹೊಡೆದ್ಬುಟ್ರೆ ಪೂರ್ತಿ ನಮ್ದೇ" ಎಂದಿರಿ. ನಮ್ಮದೇ ಅಂತೆ! ನನಗೆ ಹೇಳದೆ ಮಾಡಿದ್ದು ನಮ್ಮದು ಹೇಗೆ ಆಗುತ್ತದೆ? ಅದರ ಮೇಲೆ ಮಿಷಿನ್ನಿನ ಜೊತೆ ಬಂದಿದ್ದ ಸಾಫ್ಟ್‌ವೇರ್ ತೆಗೆಸಿ, ಸುನಿಲ್ ಎಲ್ಲಿಂದಲೋ ತಂದದ್ದನ್ನು ಹಾಕಿಸಿದ್ದಿರಿ, ಓಟ ಜಾಸ್ತಿಯಾಗಲಿ ಎಂದು. ಓಟದ ಜೊತೆ ಬಿಸಿಯೂ ಜಾಸ್ತಿ, ಎಳೆಯುವ ಕರೆಂಟೂ ಜಾಸ್ತಿ. ಆ ಸಾಫ್ಟ್‌ವೇರ್ ನೂರು ನಿಮಿಷದಲ್ಲಿ ಎರಡು ನಿಮಿಷ ಅದನ್ನು ಬರೆದವನಿಗಾಗಿ ದುಡಿಯುತ್ತದಂತೆ. ಮುಖ ಕಾಣದ ಆ ಮನುಷ್ಯನಾದರೂ ತನ್ನ ಪಾಲು ಇಷ್ಟು ಎಂದು ಮೊದಲೇ ಬರೆದು ತಿಳಿಸಿದ್ದಾನೆ. ನೀವು ನನಗೆ ಅಷ್ಟೂ ತಿಳಿಸಲಿಲ್ಲ.

ಜಗಳದಲ್ಲಿ ನಾನು ಕೂಗಾಡಿದೆ, ಒಪ್ಪುತ್ತೇನೆ. "ಅದಿರ್ಬೇಕು ಇಲ್ಲಾ ನಾನಿರ್ಬೇಕು" ಎಂದೆ. ಅದನ್ನು ಹೊತ್ತುಕೊಂಡು ಹೋಗುತ್ತೀರಿ ಎಂದುಕೊಂಡಿದ್ದೆ. ಆದರೆ ನಿಮ್ಮಕ್ಕ ಮಿಷಿನ್ನು ತಂದರೆ ಬಾಗಿಲು ತೆಗೆಯುವುದಿಲ್ಲ ಎಂದರು, ಉದಯಗಿರಿಯ ನಿಮ್ಮ ವೈಂಡಿಂಗ್ ಅಂಗಡಿಯ ಮಾಲೀಕರು ಅಷ್ಟು ಲೋಡಿಗೆ ಒಪ್ಪಲಿಲ್ಲ. ಅದನ್ನು ನನ್ನ ಹತ್ತಿರ ಬಿಟ್ಟು, "ಆರಿಸ್ಬೇಡ, ಅಷ್ಟೇ ನಾನ್ ಕೇಳೋದು" ಎಂದು ನೀವೊಬ್ಬರೇ ಹೋದಿರಿ. ಕರೆಂಟ್ ಬಿಲ್ಲು ತಪ್ಪದೆ ಕಟ್ಟುತ್ತಿದ್ದೀರಿ. ಅದರ ಊಟಕ್ಕೆ ಕಡಿಮೆ ಮಾಡಿಲ್ಲ.

ಮೂರು ತಿಂಗಳಿಂದ ಅದರ ಜೊತೆ ಸಂಸಾರ ಮಾಡುತ್ತಿರುವವಳು ನಾನು. ಬ್ಲೌಸ್ ಅಳತೆ ಕೊಡಲು ಬಂದವರು ಕೂಗಿ ಮಾತಾಡಬೇಕು. ಪಕ್ಕದ ಮನೆಯ ಚಾಮುಂಡಮ್ಮ ಮೊದಲ ದಿನವೇ ಬಂದು, "ಏನವ್ವಾ ಜಾನ್ಸಿ, ಮನೇಲಿ ರೈಸ್ ಮಿಲ್ ಮಡಗಿದ್ದೀಯಾ?" ಎಂದು ಕೇಳಿದ್ದರು. ಈಗ ಮಳೆ ಹಿಡಿದ ಮೇಲೆ ಅದೇ ಚಾಮುಂಡಮ್ಮ ಮೊಮ್ಮಕ್ಕಳ ಒದ್ದೆ ಯೂನಿಫಾರಂ ತಂದು ಮಿಷಿನ್ನಿನ ಬಿಸಿಗಾಳಿಗೆ ಹಿಡಿಯುತ್ತಾರೆ. ಅರ್ಧ ಗಂಟೆಗೆ ಗರಿಗರಿ. ಇಷ್ಟು ತಿಂಗಳಲ್ಲಿ ನಿಮ್ಮ ಲಕ್ಕಿಯಿಂದ ಈ ಬೀದಿಗೆ ಆದ ಉಪಕಾರ ಅದೊಂದೇ. ಅಷ್ಟು ಕಷ್ಟವಿದ್ದರೆ ಆರಿಸಿ ಮೂಲೆಗೆ ಎಸೆಯಬಾರದೇ ಎಂದು ನಿಮ್ಮಕ್ಕನೂ ಕೇಳಿದರು. ನಾನು ಮಾತನ್ನು ಮಳೆಯ ಕಡೆ ತಿರುಗಿಸಿದೆ.

ಮಂಗಳವಾರದ ವಿಷಯಕ್ಕೆ ಬರುತ್ತೇನೆ.

ಯಾರಾದರೂ ಆರಿಸಿಬಿಟ್ಟಾರು ಎಂದು ನೀವು ಆ ಹದಿನಾರು ಆಂಪ್ಸ್ ಪಾಯಿಂಟಿಗೆ ಸ್ವಿಚ್ಚೇ ಇಡಲಿಲ್ಲ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಆ ಪಾಯಿಂಟಿನಿಂದ ಹೊಗೆ ಬಂತು. ಪ್ಲಾಸ್ಟಿಕ್ ಕರಗಿ ಇಳಿಯುತ್ತಿತ್ತು. ಪ್ಲಗ್ ಹಿಡಿದು ಎಳೆದೆ, ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಸುಟ್ಟವು. ಪಕ್ಕದಲ್ಲಿ ನೇತುಹಾಕಿದ್ದ ಗಿರಾಕಿಯ ರೇಷ್ಮೆ ಬ್ಲೌಸ್ ಪೀಸಿಗೆ ಕಿಡಿ ಹಾರಿತು. ಬಕೆಟ್ ನೀರು ಎರಚಲು ಹೋಗಿದ್ದೆ, ಕರೆಂಟಿನ ಬೆಂಕಿಗೆ ನೀರು ಹಾಕಬಾರದೆಂದು ಮದುವೆಯಾದ ಹೊಸದರಲ್ಲಿ ನೀವು ಹೇಳಿಕೊಟ್ಟದ್ದು ನೆನಪಾಗಿ ಬಿಟ್ಟೆ. ಸ್ಟೂಲ್ ಹತ್ತಿ ಮೇನ್ ಇಳಿಸಿದೆ.

ಹತ್ತು ನಿಮಿಷಕ್ಕೆ ಸರಿಯಾಗಿ ಫೋನ್ ಬಂತು. ಪಾಯಿಂಟ್ ಸುಟ್ಟುಹೋಯಿತು ಎಂದೆ. "ಅಯ್ಯೋ! ಮಿಷಿನ್ ಬೋರ್ಡಿಗೇನಾದ್ರೂ ಆಯ್ತಾ?" ಎಂದಿರಿ. ನನ್ನ ಕೈ ಆಗ ಚೊಂಬಿನ ನೀರಿನಲ್ಲಿತ್ತು. ಕೈ ಸುಟ್ಟಿದೆ ಎಂದು ನಾನು ಹೇಳಲಿಲ್ಲ, ನೀವೂ ಕೇಳಲಿಲ್ಲ. ಆಮೇಲೆ ಎಷ್ಟು ಸಲ ಮಾಡಿದ್ದೀರೋ ಗೊತ್ತಿಲ್ಲ, ಅವತ್ತಿನಿಂದ ಫೋನ್ ಆಫ್ ಮಾಡಿಟ್ಟಿದ್ದೇನೆ.

ಸಾಯಂಕಾಲ ಗೇಟಿನ ಸದ್ದಾಯಿತು. ನೀವೇ ಎಂದು ಎದ್ದು ಹೋದೆ. ನಿಂತಿದ್ದವನು ಸುನಿಲ್. ನೀವು ಅವನನ್ನು ಕಳಿಸಿದ್ದಿರಿ! ಮೀಟರ್ ಹಿಡಿದು ಮಿಷಿನ್ನಿನ ಹೊಟ್ಟೆಯೆಲ್ಲ ಪರೀಕ್ಷೆ ಮಾಡಿ, "ಮಿಷಿನ್ ಸೇಫ್ ಕಣಕ್ಕ" ಎಂದ. ಸುಟ್ಟ ಪಾಯಿಂಟನ್ನು ತಿರುಗಿಸಿ ತಿರುಗಿಸಿ ನೋಡಿ, "ಅಣ್ಣ ಹಾಕಿರೋದು ಹಿಂಗೆ ಲೂಸಾಗಲ್ವಲ್ಲಕ್ಕ, ಏನಾಯ್ತೋ ಗೊತ್ತಾಗ್ತಿಲ್ಲ" ಎಂದ. "ನಿಮ್ಮಣ್ಣನ ಕೆಲ್ಸಾನೇ ಅಷ್ಟು" ಎಂದು ಅವನಿಗೆ ಬೈದು ಕಳಿಸಿದೆ. ಇಪ್ಪತ್ತು ವರ್ಷದಿಂದ ಊರವರ ಮೋಟಾರುಗಳನ್ನೆಲ್ಲ ಸರಿಮಾಡುವವರಿಗೆ ಸ್ವಂತ ಮನೆಯ ಒಂದು ಪಾಯಿಂಟನ್ನು ನೆಟ್ಟಗೆ ಬಿಗಿ ಮಾಡಲು ಬರಲಿಲ್ಲವೇ? ಮನೆ ಹತ್ತಿಕೊಂಡಿದ್ದರೆ? ಹೋಗುವ ಮೊದಲು ಅವನು ಮಿಷಿನ್ನಿನ ಫೋಟೋ ತೆಗೆದು ನಿಮಗೆ ಕಳಿಸಿದ. ಬಲಗಡೆ ಮೂಲೆಯಲ್ಲಿ ನನ್ನ ಕೈಯೂ ಬಿದ್ದಿದೆ, ಬ್ಯಾಂಡೇಜ್ ಸಮೇತ. ದೊಡ್ಡದು ಮಾಡಿ ನೋಡಿ.

ಕತ್ತರಿ ಹಿಡಿಯಲು ಇನ್ನೂ ಎರಡು ವಾರ ಬೇಕೆಂದು ಡಾಕ್ಟರು ಹೇಳಿದ್ದಾರೆ. ಈ ಕಾಗದವನ್ನು ಪೆನ್ನು ನಡುಬೆರಳಿಗೆ ಸಿಕ್ಕಿಸಿಕೊಂಡು ಬರೆಯುತ್ತಿದ್ದೇನೆ. ಸೊಟ್ಟ ಅಕ್ಷರಕ್ಕೆ ಕಾರಣ ಅದು.

ಈಗ ನನ್ನ ತೀರ್ಮಾನ ಕೇಳಿ. ಮಿಷಿನ್ನು ಬೇಕಾದರೆ ನೀವೇ ಬರಬೇಕು. ಸುನಿಲ್ ಬಂದರೆ ಬಾಗಿಲು ತೆಗೆಯುವುದಿಲ್ಲ. ಇದೇ ಮನೆಯಲ್ಲಿ ಅದು ಓಡಬೇಕಾದರೆ ಹಳೆ ಸಾಫ್ಟ್‌ವೇರ್ ವಾಪಸ್ ಬರಬೇಕು, ಇಬ್ಬರೂ ಕೂತು ಆರಿಸಿದ ಪೂಲಿಗೇ ಸೇರಬೇಕು, ಹಗಲು ಹೊತ್ತಿನಲ್ಲಿ ಮಾತ್ರ ಓಡಬೇಕು, ಪಾಯಿಂಟಿಗೆ ಸ್ವಿಚ್ ಇರಬೇಕು. ಇದಾವುದೂ ಆಗುವುದಿಲ್ಲವೆಂದರೆ ಬಂದು ಹೊತ್ತುಕೊಂಡು ಹೋಗಿ, ನಿಮ್ಮ ಉಳಿದ ಬಟ್ಟೆಗಳನ್ನೂ ಮಡಿಚಿ ಕೊಡುತ್ತೇನೆ. ಮುಂದಿನ ಭಾನುವಾರ ಇಪ್ಪತ್ತೇಳರವರೆಗೆ ಕಾಯುತ್ತೇನೆ. ಸೋಮವಾರ ಗುಜರಿಯವನನ್ನು ಕರೆಯುತ್ತೇನೆ. ಬರೀ ಬಾಯಿಮಾತು ಎಂದುಕೊಳ್ಳಬೇಡಿ.

ನಾಡಿದ್ದು ಪೂಜೆ ಮುಗಿದ ಮೇಲೆ ಇದನ್ನು ನಿಮ್ಮಕ್ಕನ ಕೈಗೆ ಕೊಡುತ್ತೇನೆ. ಅವರು ಒಡೆದು ಓದುವವರಲ್ಲ.

ಇಂತಿ,
ಜಾನ್ಸಿ
(ಲಕ್ಕಿ ಅಲ್ಲ)

ಮರೆತ ಮಾತು: ಕಾಗದ ಮಡಿಚಿ ಅಂಟು ಹಾಕಿದ್ದೆ, ಮತ್ತೆ ಬಿಚ್ಚಿದೆ. ನಿಮ್ಮ ಕೈಕೆಲಸದ ಮೇಲೆ ಸುಳ್ಳು ಅಪವಾದ ಹೊರಿಸಿ ಕಳಿಸಲು ಮನಸ್ಸು ಒಪ್ಪಲಿಲ್ಲ. ಆ ಪಾಯಿಂಟನ್ನು ನೀವು ಸರಿಯಾಗಿಯೇ ಬಿಗಿ ಮಾಡಿದ್ದಿರಿ. ಹನ್ನೊಂದು ಸಲದಲ್ಲಿ ಕರೆಂಟ್ ಹೋಗಿದ್ದು ನಾಲ್ಕೇ ಸಲ. ಉಳಿದ ಏಳು ಸಲ ಪ್ಲಗ್ ಎಳೆದವಳು ನಾನು. ಮೊದಲು ಎಳೆದದ್ದು ಮೇ ಹದಿಮೂರರ ಬೆಳಿಗ್ಗೆ. ಓಡುತ್ತಿರುವಾಗಲೇ ಎಳೆದೂ ಎಳೆದೂ ಅದು ಸಡಿಲವಾಯಿತು. ಮಂಗಳವಾರ ಹೊಗೆ ಬಂದದ್ದಕ್ಕೆ ನಾನು ಎಳೆಯಲಿಲ್ಲ, ಎಳೆಯಲು ಕೈ ಹಾಕಿದಾಗ ಹೊಗೆ ಬಂತು. ಸಾರಿಗೆ ಏನು ಮಾಡಿದ್ದೀಯಾ ಎಂದು ಅವತ್ತೊಂದು ದಿನ ಕೇಳಿದಿರಲ್ಲ, ಮೀನು ಸಾರು ಮಾಡಿದ್ದೆ. ಈಗ ಎಳೆಯೋಣವೆಂದರೂ ಪಾಯಿಂಟೇ ಇಲ್ಲ.