ಸೂಜಿ ಮುಟ್ಟದ ಹನ್ನೊಂದು ವರ್ಷ

ಧಾರವಾಡ, ೨೧೮೭ನೆಯ ಇಸವಿ, ಶ್ರಾವಣದ ಮೂವತ್ತೈದನೆಯ ದಿನ

ಪೂಜ್ಯ ನೀಲಗಂಗಜ್ಜಿಯವರಿಗೆ, ನಿಮ್ಮಿಂದ ಆರನೆಯ ತಲೆಮಾರಿನ ಹೊನ್ನವ್ವ ಮಾಡುವ ಶರಣಾರ್ಥಿ.

ತಾರೀಖು ನೋಡಿ ಗಾಬರಿಯಾಗಬೇಡಿ, ಶ್ರಾವಣಕ್ಕೆ ನಾವು ಐದು ದಿನ ಸೇರಿಸಿ ಬಹಳ ಕಾಲವಾಯಿತು. ನನ್ನ ಕನ್ನಡ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಕಳೆದ ಕಾಲಕ್ಕೆ ಕಾಗದ ಒಯ್ಯುವ ಹಿಂದಂಚೆಯವರು ಒಂದೇ ಹಾಳೆ ತೆಗೆದುಕೊಳ್ಳುತ್ತಾರೆ. ಅದೂ ತಲುಪುವ ಭರವಸೆಯಿಲ್ಲ.

ಈ ಕಾಗದ ನಿಮಗೆ ಸಿಗುವ ಹಿಂದಿನ ದಿನ, ನಿಮ್ಮ ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ ಎಂದು ಒಬ್ಬ ಫೋನ್ ಮಾಡಿದ. ಅವನು ಹೇಳಿದ್ದನ್ನೆಲ್ಲ ಒತ್ತಿ ಯಂತ್ರವನ್ನು ಅವನ ಕೈಗೆ ಕೊಟ್ಟಿರಿ. ಪರದೆಯ ಮೇಲಿನ ಬಾಣ ತಾನಾಗಿ ಓಡಾಡುವಾಗ, "ಊಟ ಆತೇನ್ ತಮ್ಮಾ? ನಮ್ ಸಲುವಾಗಿ ಎಷ್ಟ್ ತ್ರಾಸ ತಗೋಳಾಕತ್ತಿ" ಎಂದಿರಂತೆ. ನಿಮ್ಮ ಮಗಳು ವನಜಾಕ್ಷಿ ಬರೆದಿಟ್ಟಿದ್ದಾರೆ. ಓದಿ ಮೊದಲು ನಕ್ಕೆ, ಆಮೇಲೆ ಅಳು ಬಂತು. ಕಳ್ಳನ ಹಸಿವನ್ನೂ ವಿಚಾರಿಸದೆ ಬಿಡಲಿಲ್ಲ ನೀವು! ಕೊನೆಗೆ ಕಾರ್ಡಿನ ನಂಬರ್ ಕೇಳಿದಾಗ ಸಂಶಯ ಬಂದು ಕೊಡಲಿಲ್ಲ. ಆ ಸಿಟ್ಟಿಗೆ ಅವನು ನಿಮ್ಮ ಮುನ್ನೂರ ಹನ್ನೆರಡು ಕಸೂತಿ ನಮೂನೆಗಳನ್ನು ಅಳಿಸಿ ಹೋದ. ಕಾಗದದ ಪ್ರತಿಗಳಿಗೆ ಗೆದ್ದಲು ಹತ್ತಿತೆಂದೇ ಅವನ್ನು ಕಂಪ್ಯೂಟರಿಗೆ ಏರಿಸಿದ್ದಿರಿ.

ಮುಂದಿನದನ್ನು ಹೇಳುತ್ತೇನೆ. ವನಜಾಕ್ಷಿ ಇಂಟರ್ನೆಟ್ ತಪ್ಪಿಸಿ, ಪಾಸ್‌ವರ್ಡ್ ಬದಲಿಸಿ, ಯಂತ್ರವನ್ನು ಅಂಗಡಿಗೆ ಒಯ್ಯುತ್ತಾರೆ. ಮೂರು ದಿನದಲ್ಲಿ ಅದು ಸುಧಾರಿಸಿಕೊಂಡು ಖಾಲಿಯಾಗಿ ಮನೆಗೆ ಬರುತ್ತದೆ. ನೀವು ಸುಧಾರಿಸಿಕೊಳ್ಳುವುದಿಲ್ಲ. "ನನ್ನಂಥಾ ದಡ್ಡಿ ಕೈಯಾಗ ಸೂಜಿ ಯಾಕ ಬೇಕವಾ" ಎಂದು ದಾರದ ಡಬ್ಬಿ ಎತ್ತಿಡುತ್ತೀರಿ. ಆಮೇಲೆ ಹನ್ನೊಂದು ವರ್ಷ ಬದುಕುತ್ತೀರಿ, ಒಂದು ಹೊಲಿಗೆಯನ್ನೂ ಹಾಕದೆ.

ನಮ್ಮಲ್ಲಿ ಅಪರಿಚಿತರು ಯಂತ್ರ ಮುಟ್ಟುವಾಗ ಮನೆಯ ಇನ್ನೊಬ್ಬರು ಪಕ್ಕದಲ್ಲಿ ಕೂರಬೇಕು. ಅವರಿಗೆ ಜತೆಗಣ್ಣು ಎನ್ನುತ್ತೇವೆ. ಆದರೂ ಮೋಸ ನಿಂತಿಲ್ಲ. ಮೋಸ ಹೋದವರು ಓಣಿಯ ಕಟ್ಟೆಗೆ ಬಂದು ಎಲ್ಲರೆದುರು ಹೇಳುತ್ತಾರೆ, ನಾವು ಬೆಲ್ಲ ನೀರು ಕೊಟ್ಟು ಕೇಳುತ್ತೇವೆ. ಇದು ಬಯಲುಮಾತು. ಹೋದ ವಾರ ಆ ಬೆಲ್ಲ ತಿಂದು ಬಂದವಳು ನಾನೇ. ನಾಚಿಕೆಯಿಂದ ಅರ್ಧ ಬೆಲ್ಲ ಕೈಯಲ್ಲೇ ಉಳಿಯಿತು. ಆಗ ನಿಮ್ಮ ನೆನಪಾಯಿತು.

ಅಜ್ಜಿ, ಆ ನಮೂನೆಗಳೆಲ್ಲ ನಿಮಗೆ ಬಾಯಿಪಾಠವಾಗಿದ್ದವಂತೆ. ಮತ್ತೆ ಬಿಡಿಸಿಕೊಡಿ ಎಂದು ಯಾರೂ ಕೇಳಲಿಲ್ಲ, ನಿಮ್ಮ ನೋವು ಕೆದಕಬಾರದೆಂದು. ಆ ಮರ್ಯಾದೆಯೇ ನಮ್ಮನ್ನು ಮುಳುಗಿಸಿತು, ನಮೂನೆಗಳು ನಿಮ್ಮೊಂದಿಗೇ ಹೋದವು. ನಾನು ಮರ್ಯಾದೆ ಬಿಟ್ಟು ಕೇಳುತ್ತಿದ್ದೇನೆ. ಇವತ್ತೇ ಗ್ರಾಫ್ ಹಾಳೆ ತರಿಸಿ, ಒಂದಾದರೂ ಬಿಡಿಸಿ.

ಇದನ್ನು ಅಂಚೆಗೆ ಹಾಕಿ ಬಂದು ಮನೆಯ ಟ್ರಂಕು ತೆರೆಯುತ್ತೇನೆ. ಈಗ ಅದರಲ್ಲಿ ನಿಮ್ಮ ಕೈಕೆಲಸದ್ದು ಕೂಸಿನ ತಲೆಗೆ ತೊಡಿಸುವ ಕುಂಚಿಗೆಯೊಂದೇ ಇದೆ. ಆಗಲೂ ಅದೊಂದೇ ಇದ್ದರೆ ಕಾಗದ ತಲುಪಲಿಲ್ಲವೆಂದು ತಿಳಿಯುತ್ತೇನೆ. ಓದಿಯೂ ನೀವು ಸುಮ್ಮನಾದಿರಿ ಎಂದು ನಂಬಲು ನನ್ನಿಂದ ಆಗದು.

ನಿಮ್ಮ
ಹೊನ್ನವ್ವ